ಒಂಬತ್ತು ಪಾಯಿಂಟ್ ಸೊನ್ನೆ ಒಂಬತ್ತು

ನಮ್ಮ ಶಾಲೆಯಲ್ಲಿ ಒಂದು ಮಗು ಅಂದರೆ
ಎಂಟು ಪಾಯಿಂಟ್ ಮೂರು ಮೂರು.
ಹತ್ತನೆಯ ತರಗತಿಗೆ ಇದ್ದವರೇ ಹನ್ನೆರಡು ಜನ.
ದಾವಣಗೆರೆಯ ದೊಡ್ಡ ಶಾಲೆಗಳಲ್ಲಿ ಒಬ್ಬ ಜಾರಿದರೆ
ಯಾರಿಗೂ ಕೇಳಿಸದು,
ಮೂಟೆಯಿಂದ ಮಂಡಕ್ಕಿ ಒಂದು ಕಾಳು ಉದುರಿದಂತೆ.
ಇಲ್ಲಿ ಒಬ್ಬ ಜಾರಿದರೆ
ಜಗಳೂರು ತಾಲ್ಲೂಕಿನ ಪಟ್ಟಿಯಲ್ಲಿ ನಮ್ಮ ಹೆಸರು
ಎರಡು ಪುಟ ಕೆಳಗಿಳಿಯುತ್ತದೆ.

ಇದನ್ನು ಹೇಳುತ್ತಿರುವವನು ಗಣಿತದ ಮೇಷ್ಟ್ರು.
ಹದಿನೇಳು ವರ್ಷದ ಸರ್ವಿಸು, ದಿನಕ್ಕೆರಡು ಬಸ್ಸು,
ಚೀಲದಲ್ಲಿ ಊಟದ ಡಬ್ಬಿ, ಅದಕ್ಕೆ ಒರಗಿಕೊಂಡು
ಬಿಇಓ ಆಫೀಸಿನ ನಮೂನೆಗಳು.
ನಮೂನೆಯಲ್ಲಿ ಮೂರು ಕಲಂ: ಎ, ಬಿ, ಸಿ.
ಸಿ ಅಂದರೆ ‘ವಿಶೇಷ ಗಮನ’.
ಅಲ್ಲಿ ಓಬಳೇಶನದೊಂದೇ ಹೆಸರು,
ಪೆನ್ಸಿಲಿನಲ್ಲಿ ಬರೆದದ್ದು.

ಓಬಳೇಶನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದರೆ ಸುಳ್ಳು,
ಬರುತ್ತಿತ್ತು ಎಂದರೂ ಸುಳ್ಳು.
ವರ್ಗ ಸಮೀಕರಣ ಹಾಕಿಕೊಟ್ಟರೆ
ಎರಡು ಹೆಜ್ಜೆ ಸರಿಯಾಗಿ ನಡೆದು
ಮೂರನೆಯದರಲ್ಲಿ ನಿಂತು ಕಿಟಕಿ ನೋಡುವನು.
ಕಳೆಯುವ ಚಿಹ್ನೆಯನ್ನು ಎಲ್ಲೋ ಬಿಟ್ಟುಬರುವನು,
ಊಟದ ಮನೆಯಲ್ಲಿ ಚಪ್ಪಲಿ ಮರೆತವನಂತೆ.
‘ಸಾ, ಉತ್ರ ಎರಡ್ಯಾಕೆ ಬರ್ತಾವೆ?
ಅದ್ರಾಗೆ ದಿಟದ್ದು ಯಾವ್ದು?’
ಹದಿನೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಪರೀಕ್ಷೆಗೆ ಬರಲ್ಲ, ಕೂತ್ಕೋ, ಎಂದಿದ್ದೆ.

ನವೆಂಬರು. ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದರು,
ಬಸ್ಸು ಒಂದು ಪಕ್ಕ ವಾಲಿಕೊಂಡು ಬರುತ್ತಿತ್ತು.
ರಾತ್ರಿಯೆಲ್ಲ ಮಿಷನ್ನಿಗೆ ತೆನೆ ಕೊಟ್ಟು
ಓಬಳೇಶ ಹನ್ನೊಂದಕ್ಕೆ ಬರುವನು,
ಹುಬ್ಬಿನಲ್ಲಿ ಹೊಟ್ಟು, ಕುತ್ತಿಗೆ ಪೂರಾ ತುರಿಕೆ.
ತಡವಾಗಿ ಬಂದವರಿಗೂ ಹಾಜರಿ ಹಾಕುವುದು ವಾಡಿಕೆ.
ಆ ತಿಂಗಳು ನಾನು ವಾಡಿಕೆ ಬಿಟ್ಟೆ.

ಹೆಡ್‌ಮಿಸ್ ಏನೂ ಹೇಳಲಿಲ್ಲ.
ಹೋದ ವರ್ಷದ ನೋಟಿಸು,
ಕಳಪೆ ಫಲಿತಾಂಶಕ್ಕೆ ಕಾರಣ ಕೇಳಿದ್ದು,
ಅವರ ಮೇಜಿನ ಗಾಜಿನ ಕೆಳಗಿತ್ತು.
ಚಹಾದ ಲೋಟ ದಿನಾ ಅದರ ಮೇಲೆಯೇ ಕೂರುತ್ತಿತ್ತು.

ಎಪ್ಪತ್ತೈದಕ್ಕೆ ಎರಡು ದಿನ ಕಡಿಮೆ ಬಿತ್ತು.
ಕೊರತೆ ಮನ್ನಾಕ್ಕೆ ಒಂದು ಅರ್ಜಿ ಇದೆ, ಬರೆಯಬೇಕಾದವನು ನಾನು.
ಅಷ್ಟರಲ್ಲಿ ಅವರವ್ವ ಬಾಗಿಲಲ್ಲಿ ನಿಂತು
‘ಮುಂದ್ಲೊರ್ಷ ಬರೀಲಿ ಬಿಡ್ರಿ ಸಾ’ ಅಂದಳು.
ನನ್ನ ಬಾಯಿಯ ಮಾತನ್ನು ಅವಳೇ ಎತ್ತಿಕೊಂಡಳು.
ಹಗುರಾಯಿತು. ಹಗುರಾದದ್ದಕ್ಕೆ ಒಂದಿಷ್ಟು ಕೋಪವೂ ಬಂತು,
ಯಾರ ಮೇಲೆಂದು ತಿಳಿಯಲಿಲ್ಲ.

ಆಮೇಲಿನದು ಬರೀ ಭಾಗಾಕಾರ.
ನೂರನ್ನು ಹನ್ನೊಂದರಿಂದ ಭಾಗಿಸಿದೆ.
ಅಂಜಿನಿ, ಶಬೀನಾ, ತಾಂಡಾದ ಸೀತಾಬಾಯಿ, ಎಲ್ಲರೂ
ರಾತ್ರೋರಾತ್ರಿ ತೂಕ ಹೆಚ್ಚಿ
ಒಂಬತ್ತು ಪಾಯಿಂಟ್ ಸೊನ್ನೆ ಒಂಬತ್ತಾದರು.
ಸೊನ್ನೆ ಒಂಬತ್ತು, ಸೊನ್ನೆ ಒಂಬತ್ತು,
ಆ ಭಾಗಾಕಾರ ಮುಗಿಯುವಂಥದ್ದಲ್ಲ,
ಕೈ ಸೋತಲ್ಲಿ ನಿಲ್ಲಿಸಬೇಕು.

ಆ ವರ್ಷ ಪ್ರಶ್ನೆಪತ್ರಿಕೆ ಸಲೀಸಾಗಿತ್ತು.
ವರ್ಗ ಸಮೀಕರಣ ಎರಡು ಅಂಕಕ್ಕೆ ಬಂದಿತ್ತು,
ಎರಡೇ ಹೆಜ್ಜೆಯದು.

ಮೇ ತಿಂಗಳು ಹನ್ನೊಂದಕ್ಕೆ ಹನ್ನೊಂದು.
ಜಗಳೂರಿನಲ್ಲಿ ಶಾಲು, ಫಲಕ, ಗ್ರೂಪ್ ಫೋಟೋ.
ಬಿಇಓ ಸಾಹೇಬರು ಮೈಕಿನಲ್ಲಿ ನಮ್ಮೂರ ಹೆಸರನ್ನು ತಪ್ಪಾಗಿ ಹೇಳಿ
ಮತ್ತೆ ಸರಿಪಡಿಸಿ ಹೇಳಿದರು. ಎರಡು ಸಲ ಚಪ್ಪಾಳೆ.

ಸಂಜೆ ಬಸ್ಸಿಳಿದರೆ
ಸ್ಟಾಪಿನಲ್ಲಿ ಟ್ರ್ಯಾಕ್ಟರು, ಗೊಬ್ಬರದ ಚೀಲಗಳು,
ಮೇಲೆ ಕೂತಿದ್ದ ಓಬಳೇಶ ಧುಮುಕಿ ಓಡಿಬಂದ.
‘ನಮ್ದು ಎಷ್ಟಾತು ಸಾ?’
ನೂರು, ಅಂದೆ.
‘ನೂರಕ್ಕಾ?’
ನೂರಕ್ಕೆ.
ಅವನು ತಿರುಗಿ ಟ್ರ್ಯಾಕ್ಟರಿನವರಿಗೆ ಕೂಗಿದ,
‘ಕೇಳ್ರಲೇ, ನಮ್ ಸಾಲೀದು ನೂರಕ್ಕೆ ನೂರು!’
ಶಾಲಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.
ಜೂನಿಗೆ ಬರ್ತೀಯಲ್ಲೋ, ಎಂದು ಕೇಳಬೇಕಿತ್ತು.
ಟ್ರ್ಯಾಕ್ಟರು ಶುರುವಾಗಿತ್ತು.
ಅವನು ಚೀಲಗಳ ಮೇಲೆ ನಿಂತೇ ಹೋದ,
ಒಂದು ಕೈ ಎತ್ತಿಕೊಂಡು,
ಹಾಜರಿ ಹೇಳುವವನಂತೆ.