ಒಂದು ಕೈ ಉಪ್ಪು

ಬೋರ್ಡು ಹುಡುಕಿಕೊಂಡು ಹೋದರೆ ಸಿಗೋದಿಲ್ಲ.
ಬಳೇಪೇಟೆಯಲ್ಲಿ ಆಟೋ ಇಳಿಯಿರಿ,
ವೀಣೆ, ತಬಲ ತೂಗುಹಾಕಿದ ಅಂಗಡಿಗಳನ್ನು ದಾಟಿ
ಎಡಕ್ಕೆ. ಕೈಗಾಡಿ ಎದುರಾದರೆ
ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು, ಅಷ್ಟೇ ಅಗಲದ ಗಲ್ಲಿ.
ಅಲ್ಲಿಂದ ಮುಂದೆ ಯಾರನ್ನೂ ಕೇಳಬೇಡಿ.
ಪುದೀನ ಹೇಳುತ್ತದೆ.

ಭಾನುವಾರ, ಬೆಳಿಗ್ಗೆ ಏಳೂವರೆ.
ಎಂಟೂವರೆಗೆ ಹೋದಿರೋ, ನಲ್ಲಿಮೂಳೆ ಖಾಲಿ.
ಹತ್ತಕ್ಕೆ ಹೋದಿರೋ
ತಪಲೆ ಕೆರೆಯುವ ಸದ್ದು ಕೇಳಿಕೊಂಡು ಬರಬಹುದು.
ತುಕ್ಕೋಜಿರಾಯರ ಮಿಲ್ಟ್ರಿ ಹೋಟ್ಲು:
ಕಲ್ಲಿನ ಮೇಜು ನಾಲ್ಕು, ಕೂತವರು ಹದಿನಾರು,
ಅವರ ಬೆನ್ನಿಗೆ ಉಸಿರು ಬಿಡುತ್ತ ಕಾಯುವವರು
ಲೆಕ್ಕಕ್ಕಿಲ್ಲ.

ದೊನ್ನೆ ಬಿರಿಯಾನಿ ಅಂದರೆ
ನಿಮ್ಮ ಉದ್ದಕ್ಕಿಯ ಕೇಸರಿ ದರ್ಬಾರಲ್ಲ.
ಜೀರಿಗೆಯಷ್ಟೇ ಸಣ್ಣ ಅಕ್ಕಿ,
ಒಂದರ ಹೆಗಲ ಮೇಲೊಂದು ಕೈಯಿಟ್ಟು
ಮೆತ್ತಗೆ ಕೂತಿರುತ್ತದೆ.
ಬಣ್ಣ ಹಸಿರೇ, ಕಂದೇ?
ಚಿಕ್ಕಪೇಟೆ ಸೀರೆ ಅಂಗಡಿಯವನೂ ತಡವರಿಸುತ್ತಾನೆ.
ಬಿಸಿ ಬಿದ್ದೊಡನೆ ಒಣಗಿದೆಲೆ ಬೆವರುತ್ತದೆ,
ಆ ಬೆವರು ಅನ್ನಕ್ಕಿಳಿಯಲಿ. ಅವಸರ ಬೇಡ.

ನನಗೆ ಹೇಗೆ ಗೊತ್ತು ಅಂತೀರಾ?
ಚಾಮರಾಜಪೇಟೆಯಲ್ಲಿ ಹಿತ್ತಲ ಕೋಣೆ ಹಿಡಿದಿದ್ದೆ,
ಸುಲ್ತಾನಪೇಟೆಯ ಕಾಗದದಂಗಡಿಯಲ್ಲಿ ಗುಮಾಸ್ತೆ.
ಮನೆಯವರು ವೆಂಕೋಬರಾಯರು, ಅಂಚೆ ಇಲಾಖೆ, ನಿವೃತ್ತ.
ಎರಡನೇ ತಿಂಗಳ ಬಾಡಿಗೆ ಎಣಿಸುತ್ತ, ದನಿ ತಗ್ಗಿಸಿ:
'ಭಾನುವಾರ ನಿಮ್ಮ ಕೈಲಿರುತ್ತಲ್ಲ, ಆ ಪೊಟ್ಟಣ,
ಎಲ್ಲಿಯದು?'

ಹದಿನಾಲ್ಕು ವರ್ಷ ತಂದುಕೊಟ್ಟೆ.
ನನ್ನ ಕೋಣೆಯಲ್ಲೇ, ಅಗಳಿ ಹಾಕಿ,
ಹಳೇ ಪೇಪರಿನ ಮೇಲೆ ಚಕ್ಕಂಬಕ್ಕಳ.
ಮೂಳೆ ಚೀಪುವಾಗ ಕಣ್ಣು ಮುಚ್ಚುತ್ತಿದ್ದರು,
ಜಪಕ್ಕೆ ಮುಚ್ಚುವ ಹಾಗೆ.
ಆಮೇಲೆ ನಿಂಬೆಹೋಳು, ಸೀಗೆಪುಡಿ, ಏಲಕ್ಕಿ ಎರಡು.
ಏಕಾದಶಿ ಬಿದ್ದ ಭಾನುವಾರ ಮಾತ್ರ ರಜ.
'ಅದೊಂದು ತಪ್ಪಬಾರದಪ್ಪ.'
ಬಾಡಿಗೆ ಏರಿಸಲೇ ಇಲ್ಲ, ಪುಣ್ಯಾತ್ಮ.

ಅವರ ವರ್ಷಾಬ್ದಿಕ ಮುಗಿದ ವಾರ
ಗೋದಾಬಾಯಿ ಹಿತ್ತಿಲಿಗೆ ಬಂದರು.
'ಆಟೋ ಕರೀರಿ.'
ಎಲ್ಲಿಗಮ್ಮ?
'ಅವರಿಗೆ ತರ್ತಿದ್ರಲ್ಲ, ಅಲ್ಲಿಗೆ.'
ನನ್ನ ಬಾಯಲ್ಲಿ ನೀರಾರಿತು.
ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಗಲ್ಲಿಯ ಬಾಯಲ್ಲಿ ಆಟೋ ನಿಂತಿತು.
ಇಳಿಯಲಿಲ್ಲ. ಮುಟ್ಟಲಿಲ್ಲ.
ನಾನು ತಂದ ದೊನ್ನೆಯ ಮೇಲೆ
ಸೆರಗು ಸರಿಸಿ ಬಗ್ಗಿದರು,
ಒಂದು ಸಲ, ಉದ್ದಕ್ಕೆ, ಮೂಸಿದರು.
ಐವತ್ತು ವರ್ಷ ನೈವೇದ್ಯಕ್ಕೆ ಬೇಯಿಸಿದ ಮೂಗು ಅದು:
ದೇವರಿಗಿಂತ ಮುಂಚೆ ನಾಲಿಗೆಗಿಡುವಂತಿಲ್ಲ,
ಹಬೆಯಲ್ಲೇ ಉಪ್ಪು ಓದಬೇಕು.

'ಉಪ್ಪು ಒಂದು ಕೈ ಜಾಸ್ತಿ' ಅಂದರು.
ಸ್ವಲ್ಪ ಹೊತ್ತಿನ ಮೇಲೆ,
ಡ್ರೈವರನ ಬೆನ್ನು ನೋಡುತ್ತ:
'ಭಾನುವಾರ ಮಾತ್ರ
ನನ್ನ ಸಾರು ಸಪ್ಪೆ ಅನ್ನೋರು.
ನಾನು ಹದಿನಾಲ್ಕು ವರ್ಷ
ಬೇಳೆ ಬದಲಾಯಿಸಿದೆ, ಹುಣಿಸೆ ಬದಲಾಯಿಸಿದೆ.'
ನಕ್ಕರೋ, ಸೆರಗಿನಲ್ಲಿ ಮುಖ ಒರೆಸಿಕೊಂಡರೋ.
ಎಂಜಿನ್ ಸದ್ದಿನಲ್ಲಿ ತಿಳಿಯಲಿಲ್ಲ.

ತುಕ್ಕೋಜಿಗೆ ಹೇಳದೆ ಇರಲಾಗಲಿಲ್ಲ.
ಸೌಟಿನಂಚಿನಿಂದ ಅಂಗೈಗೆ ಸುರಿದುಕೊಂಡ,
ನೆಕ್ಕಿದ, ಮತ್ತೊಮ್ಮೆ ನೆಕ್ಕಿದ.
'ನಮ್ಮಪ್ಪನ ಕೈ ಅಳತೆ, ಸಾರ್.
ನನ್ನ ಕೈ ದೊಡ್ಡದು' ಅಂದ.

ಈಗ ಒಂದು ಹಿಡಿ ಕಮ್ಮಿ ಹಾಕುತ್ತಾನೆ.
ಹಳೇ ಗಿರಾಕಿಗಳು ಗೊಣಗುತ್ತಾರಂತ
ಮೇಜಿಗೊಂದು ಉಪ್ಪಿನ ಬಟ್ಟಲು ಇಟ್ಟಿದ್ದಾನೆ.
ನೀವು ಹೋದಾಗ, ಕೂತ ತಕ್ಷಣ,
ಅದಕ್ಕೆ ಕೈ ಹಾಕಬೇಡಿ.
ಮೊದಲು ಬಗ್ಗಿ, ಮೂಸಿ ನೋಡಿ.
ಮತ್ತೆ, ಚಿಲ್ಲರೆ ಒಯ್ಯಿರಿ.