ಸಾವಿರದ ನಾಲ್ಕು

ಪುಂತಾ ಅರೇನಸ್. ಬೆಳಗಿನ ಜಾವ ನಾಲ್ಕೂವರೆ.
ಗಾಳಿಗೆ ಸೂರಿನ ತಗಡು ಒಂದೇ ಸಮ ಹಲ್ಲು ಕಡಿಯುತ್ತಿದೆ.
ಜಲಸಂಧಿಯ ದಡದಲ್ಲಿ ಉಣ್ಣೆ ಹೇರಿದ ಲಾರಿಗಳ ಸಾಲು,
ಒಳಗೆ ಡ್ರೈವರುಗಳು, ಮುಖದ ಮೇಲೆ ಮೊಬೈಲಿನ ಬೆಳಕು,
ಎಲ್ಲರ ಕೈಯಲ್ಲೂ ಒಂದೇ ಪುಟ, ಒಂದೇ ಮಾತು:
ನಾನೂರ ಮೂರು. ಪ್ರವೇಶ ನಿಷಿದ್ಧ.

ಪಾಪ, ಅವರು ಕೇಳಿದ್ದು ಇಷ್ಟೇ,
ಇವತ್ತು ಹಡಗು ಬಿಡುತ್ತದೋ ಇಲ್ಲವೋ.

ನಿನ್ನೆ ಹಳೆಯ ಸರ್ವರಿನಿಂದ ಹೊಸದಕ್ಕೆ
ಸಾಮಾನು ಸಾಗಿಸಿದವಳು ನಾನೇ.
ಒಂದು ಅಕ್ಷರ ಉದುರಿರಲಿಲ್ಲ. ಎಣಿಸಿದ್ದೆ, ಸರಿಯಿತ್ತು,
ಹೋಗಿ ಮಲಗಿದ್ದೆ. ಎಣಿಸುವಾಗ
ಯಾರದು ಎಂದು ಕೇಳಿರಲಿಲ್ಲ.

ಲಾಗ್ ತೆರೆದೆ.
ಹದಿಮೂರು, ಅನುಮತಿ ಇಲ್ಲ. ಹದಿಮೂರು, ಅನುಮತಿ ಇಲ್ಲ.
ಏಟು ತಿಂದ ಹುಡುಗ ಎಷ್ಟು ಕೇಳಿದರೂ
ಅದೇ ಉತ್ತರ ಕೊಟ್ಟ ಹಾಗೆ.

ಫೈಲನ್ನು ಕೇಳಿದೆ: ಯಾರು ಓದಬಹುದು ನಿನ್ನ?
ಆರು, ನಾಲ್ಕು, ನಾಲ್ಕು ಎಂದಿತು.
ಒಡೆಯ ಬರೆಯಲಿ, ಊರೆಲ್ಲ ಓದಲಿ.
ದೇವರು ವರ ಕೊಟ್ಟಾಗಿದೆ.
ಹಾಗಾದರೆ ಪೂಜಾರಿ ಎಲ್ಲಿ ಕೂತಿದ್ದಾನೆ?

ಒಡೆಯನ ಹೆಸರು ನೋಡಿ ನಕ್ಕುಬಿಟ್ಟೆ.
ಮಾಯ್ಕೋಲ್!
ಮೂರು ವಾರದ ಹಿಂದೆ ಸೇರಿದ ಹುಡುಗ,
ಕಾಫಿ ಮಷೀನಿನ ಗುಂಡಿಯನ್ನೂ ಕೇಳಿ ಒತ್ತುವವನು,
ಇಪ್ಪತ್ತೆರಡು ವರ್ಷದ ಗಾಳಿಯ ಲೆಕ್ಕಕ್ಕೆ
ರಾತ್ರೋರಾತ್ರಿ ವಾರಸುದಾರ.
ಎಬ್ಬಿಸಿ ಕೇಳಿದರೆ ಫೋನಿನಲ್ಲೇ ಅಳು:
"ನಾನೇನೂ ಮುಟ್ಟಿಲ್ಲ ಮೇಡಂ, ಅಮ್ಮನಾಣೆ."

ಮುಟ್ಟಿಲ್ಲ, ನಿಜ. ಯಂತ್ರಕ್ಕೆ ಹೆಸರಿನ ಹಂಗಿಲ್ಲ,
ಅದು ನೆನಪಿಡುವುದು ಅಂಕಿ.
ಅಲ್ಲಿ ಸಾವಿರದ ನಾಲ್ಕು ಎಂದರೆ ಎಲಿಸೆಯೊ ಓಯಾರ್ಸೂನ್,
ಕತ್ತಲಿರುವಾಗಲೇ ಬಂದು ಗಾಳಿಯ ವೇಗ ಬರೆದಿಟ್ಟು
ಕಳೆದ ಮಾರ್ಚಿನಲ್ಲಿ ನಿವೃತ್ತನಾದವನು.
ಇಲ್ಲಿ, ಸರದಿ ಪ್ರಕಾರ, ಈ ಹುಡುಗ.
ಗೂಟದ ನಂಬರು ನೋಡಿ ಕೋಟು ತೂಗುಹಾಕಿದ್ದೆ,
ಕೋಣೆ ಬೇರೆಯಾಗಿತ್ತು.

ಕೈ ತುರಿಸಿತು.
ಏಳು ಏಳು ಏಳು ಎಂದು ಒತ್ತಿದರೆ ಮುಗಿಯಿತು,
ಎಲ್ಲ ಬಾಗಿಲೂ ಎಲ್ಲರಿಗೂ,
ಕಳ್ಳನಿಗೂ ಕಾವಲಿನವನಿಗೂ.
ಇಲಿ ಬಂತೆಂದು ಮನೆಗೆ ಬೆಂಕಿ ಇಡಬೇಡ ಎನ್ನುತ್ತಿದ್ದ ಮುದುಕ,
ನನ್ನ ಕೈಯನ್ನು ಕೀಬೋರ್ಡಿನಿಂದ ಎತ್ತಿ
ಮಾತೆ ಪಾತ್ರೆಯ ಮೇಲೆ ಇಡುತ್ತಿದ್ದ.

ಬೇರಿನಿಂದ ದಾರಿ ಹಿಡಿದೆ.
ಬೇರು, ತೆರೆದಿದೆ.
ಮನೆಗಳ ಕೇರಿ, ತೆರೆದಿದೆ.
ಎಲಿಸೆಯೊನ ಮನೆ: ಏಳು, ಐದು, ಸೊನ್ನೆ.

ಸಿಕ್ಕಿದ ಪೂಜಾರಿ.

ಹಳೆಯ ಯಂತ್ರ ಮನೆಯ ಬಾಗಿಲನ್ನು ಒರಗಿಸಿಡುತ್ತಿತ್ತು,
ಹೊಸದು ಹುಟ್ಟುವಾಗಲೇ ಅನುಮಾನ ತಂದದ್ದು.
ಗಾಳಿಯ ಪುಟ ಇದ್ದದ್ದು ಆ ಮನೆಯ ಒಳಕೋಣೆಯಲ್ಲಿ.
ತರಲು ಹೋದ ಆಳು ಹೊಸ್ತಿಲಲ್ಲೇ ನಿಂತು,
ಕೆಮ್ಮಿ, ತಿರುಗಿ ಬರುತ್ತಿದ್ದ.

ಆಚೆ ದಡದ ಕುರಿ ಹುಲ್ಲುಗಾವಲಲ್ಲಿ
ಬೇಲಿಗೆ ಅಲ್ಲಲ್ಲಿ ತಡಮೆ ಇರುತ್ತದೆ.
ಕುರಿ ದಾಟದು, ಮನುಷ್ಯ ದಾಟುತ್ತಾನೆ.
ಅಂಥದ್ದೊಂದು ಇಟ್ಟೆ: ಸೊನ್ನೆ ಇದ್ದಲ್ಲಿ ಒಂದು.
ಹಾದುಹೋಗು. ಇಣುಕಬೇಡ.
ಹೆಸರು ಗೊತ್ತಿದ್ದದ್ದನ್ನು ಎತ್ತಿಕೊಂಡು ನಡೆ.

ಅಷ್ಟರಲ್ಲಿ ಫೋನು, ಲಾರಿಗಳ ಸಾಲಿನಿಂದಲೇ.
"ಯಾಸ್ನಾ, ಪೊರ್ವೆನಿರಿಗೆ ಹೊರಟಿದ್ದೆ, ಮೊಮ್ಮಗಳ ಹುಟ್ಟುಹಬ್ಬ.
ಪುಟ ತೆರೀತಿಲ್ಲವಲ್ಲ ಮಗಳೇ."
"ನಿಮ್ಮ ಮನೆ ಬಾಗಿಲೇ ಅಡ್ಡ ಇತ್ತು, ದೋನ್ ಎಲಿಸೆಯೊ. ಈಗ ನೋಡಿ."
ಒಂದಿಷ್ಟು ಹೊತ್ತು ಬರೀ ಗಾಳಿ.
"ಹಾಂ, ತೆರೀತು."
"ಏನಂತೆ?"
"ಬಂದರು ಮುಚ್ಚಿದೆ. ಐವತ್ತೆಂಟು ನಾಟ್."
ಸಿಹಿ ಸುದ್ದಿ ಹೇಳಿದ ಹಾಗೆ ಹೇಳಿದ.
ಅವನ ಹಿಂದೆ ಒಂದೊಂದಾಗಿ
ಎಂಜಿನ್ನುಗಳು ಆರಿದ್ದು ಕೇಳಿಸಿತು.

ಆಮೇಲೆ ಅವನಿಗೊಂದು ಹೊಸ ಅಂಕಿ ಕೊಟ್ಟೆ,
ಸಾವಿರದ ಹತ್ತೊಂಬತ್ತು.
ಒಡೆತನ ಉಂಟು, ಒಳಗೆ ಬರುವ ಹಾಗಿಲ್ಲ,
ಅಂಥ ಒಂದು ಹೆಸರು.
ಗಾಳಿಯೆಲ್ಲ ಮತ್ತೆ ಅವನ ಲೆಕ್ಕಕ್ಕೆ.

ಎಂಟಕ್ಕೆ ಮಾಯ್ಕೋಲ್ ಬಂದ, ಒದ್ದೆ ಟೊಪ್ಪಿ ಹಿಂಡುತ್ತ.
"ಅಂದರೆ ಈಗ ಅವೆಲ್ಲ ನನ್ನವಲ್ಲ, ಅಲ್ಲವಾ ಮೇಡಂ?"
ಅಲ್ಲ ಎಂದೆ.
"ಒಂದೂ ಇಲ್ಲವಾ?"