ಹನ್ನೆರಡು ಪಾನಾ

ಗದಗಿನ ಜಿನ್ನಿಂಗ್ ಫ್ಯಾಕ್ಟರಿ ಗೋದಾಮಿನ್ಯಾಗ
ಹತ್ತಿಕಾಳಿನ ಚೀಲದ ಬುಡಕ ಸಿಕ್ಕಿತ್ತು.
ಟ್ರಾಲಿಯೊಳಗ ಹೇರಿಕೊಂಡು ಹಳೇ ಹುಬ್ಬಳ್ಳಿಗೆ ತಂದಾಗ
ಓಣಿ ಹುಡುಗರು ಸುತ್ತಗಟ್ಟಿ,
'ಕಾಕಾ, ಇದರ ಟಾಪ್ ಎಲ್ಲಿ ಹೋತು?'
ಹುಟ್ಟಿದ್ದಽ ಬೋಳು ತಲಿ, ಅಂದೆ.
ಎಮ್.ಜಿ., ಐವತ್ತೊಂದನೇ ಇಸವಿ, ವಿಲಾಯತಿ.
ಒಬ್ಬರೂ ನಂಬಲಿಲ್ಲ.

ಇಲಿ ಸೀಟು ತಿಂದು ಸ್ಪ್ರಿಂಗು ಬಿಟ್ಟಿದ್ದವು.
ಸ್ಪೀಡಿನ ಮುಳ್ಳು ಜಂಗು ಹಿಡದು
ಮೂವತ್ತರ ಮ್ಯಾಲ ನಿಂತಿತ್ತು.
ಅವಸರ ಇಲ್ಲದವರು ಯಾರೋ ಕಡೀಸಲ ಹೊಡದಿರಬೇಕು.

ಇದರ ಬೋಲ್ಟಿನ ಕಥಿ ಕೇಳ್ರಿ:
ಆಟಿ ಮಿಲಿಮೀಟರಿಂದು, ತಲಿ ಇಂಚಿಂದು,
ಅದೂ ಹಳೇ ಇಂಚು.
ನನ್ನ ಡಬ್ಬಿಯೊಳಗಿನ ಒಂದು ಪಾನಾನೂ ಒಪ್ಪಲಿಲ್ಲ.
ಗದಗ ರೋಡಿನ ದೊರೈರಾಜ, ರೈಲ್ವೆ ಫಿಟ್ಟರ್, ರಿಟೈರ್,
ಟ್ರಂಕಿನ ತಳದಿಂದ ತಗದ: ಬನಿಯನ್ನಿನೊಳಗ ಸುತ್ತಿದ್ದು,
ಉಗಿಬಂಡಿ ಕಾಲದ್ದು, ಹನ್ನೆರಡು.
'ಕೊಡೂದಿಲ್ಲ. ಎರವಲು' ಅಂದ.
ದಿನಾ ಸಂಜಿಗೆ ಬಂದು ಎಣಿಸಿ,
ಚಾ ಕುಡದು ಹೋಗಾಂವ.

ತಗಡಿನ ಒಳಗ ಕಟ್ಟಿಗಿ ಹಂದರ ಇರತೈತಿ ಇದಕ್ಕ.
ಗೆದ್ದಲು ಅದನ್ನ ಓದಿ ಮುಗಿಸಿತ್ತು.
ಕಲಘಟಗಿಯಿಂದ ಮೌನೇಶ ಬಂದ, ತೊಟ್ಟಿಲ ಮಾಡಾಂವ.
ಬಾಗಲದ ಕಂಬ ತಡವಿ ನೋಡಿ,
'ಕೂಸಿನ ತೂಕ ಎಷ್ಟು?' ಅಂದ.
ನಾವು ನಕ್ಕಿವಿ. ಅಂವ ನಗಲಿಲ್ಲ.
ಸಾಗವಾನಿ ಕೊಯ್ದ, ಮೊಳಿ ಇಲ್ಲದಽ ಕೂಡಿಸಿದ,
ತಗಡು ಮುಚ್ಚೋ ಮುಂದ, ಎಡಗಡೆ,
ಯಾರಿಗೂ ಕಾಣದ ಜಾಗಾದಾಗ
ಅರಗಿನ ಬಣ್ಣದ್ದೊಂದು ಗಿಳಿ ಬರದ.
ಯಾಕಂತ ನಾನು ಕೇಳಲಿಲ್ಲ.

ಹೊರಗ ಹಸರು. ಏಳು ಕೋಟು.

ಚಾಲೂ ಆದ ದಿನ
ಸೈಲೆನ್ಸರಿನಿಂದ ಮೊದಲು ಹಾರಿದ್ದು ಹೊಗಿ ಅಲ್ಲ,
ಒಂದು ಹಿಡಿ ಅರಳಿ.

ಸೀಟು ಎರಡು, ಮಾಡಿದವರು ಮೂವರು.
ಮೌನೇಶ ಹಿಂದ ಮಡಚಿದ ತಾಡಪತ್ರಿ ಮ್ಯಾಲ
ಮದುಮಗನಂಗ ಕುಂತ.
ಉಣಕಲ್ ಕೆರಿ ದಾಟಿದಿವಿ. ಚಿಗರಿ ಬಸ್ಸು ಬಾಜೂಕ ಬಂದು
ಸಾವಕಾಶ ಆತು, ಕಿಡಕಿ ತುಂಬ ಮಾರಿ.
ಗಾಳಿಗೆ ದೊರೈರಾಜನ ಕಣ್ಣಾಗ ನೀರು.
ಗಾಳಿಗೇನಽ ಇರಬೇಕು.
ಬಲಕ್ಕ ಹೊರಳಿದಾಗ ಒಳಗೆಲ್ಲೋ
'ಟಣ್' ಅಂತು. ಯಾರೂ ಮಾತಾಡಲಿಲ್ಲ.

ಮುರಿಗೇಂದ್ರ ಸಾಹುಕಾರರು ಟಾರ್ಚ್ ಹಿಡದು
ಬಗ್ಗಿ ಬಗ್ಗಿ ನೋಡಿದರು,
'ಖತಾಲಸಾಬ, ಎಲ್ಲಾ ಒರಿಜಿನಲ್ ಹೌದಿಲ್ಲೋ?'
ಹೌದ್ರೀ, ಅಂದೆ.
ಲಾರಿ ಮ್ಯಾಲ ಏರಿಸಿ ಪುಣೆಕ ಒಯ್ದರು, ಶೋಕ್ಕ.

ಸಂಜಿಗೆ ದೊರೈರಾಜ ಬಂದ. ಬನಿಯನ್ ಬಿಚ್ಚಿದ.
ಎಣಿಸಿದ. ಮತ್ತ ಎಣಿಸಿದ.
ಹನ್ನೊಂದು.

ನನ್ನ ಮಾರಿ ನೋಡಿದ, ನಾ ಮೌನೇಶನ್ನ ನೋಡಿದೆ,
ಮೌನೇಶ ಉಳಿ ಮಸಿಯೂದು ಬಿಡಲಿಲ್ಲ.
'ಇರಲಿ ಬಿಡ್ರಿ,' ಅಂದ,
'ಗಿಳಿ ಒಂದಽ ಇತ್ತು ಅಲ್ಲಿ.'

ದೊರೈರಾಜ ಆವತ್ತ
ಎರಡು ಕಪ್ಪು ಚಾ ಕುಡದ.